ಬಿಲ್ಡ್ ಲಾಗ್ ಅಂದ್ರೆ ಸಾಫ್ಟ್‌ವೇರ್‌ನ ಎಂಬಿ ಬುಕ್: ಅದನ್ನು ಕೂಡಿಡೋದು, ಓದೋದು ಹೇಗೆ?

ನಿಮ್ಮೂರಲ್ಲಿ ಹೊಸ ರಸ್ತೆ ಆಯ್ತು ಅಂದುಕೊಳ್ಳಿ. ಮೊದಲ ಮಳೆಗೇ ಡಾಂಬರು ಕಿತ್ತು ಬಂತು. ಆರ್‌ಟಿಐ ಅರ್ಜಿ ಹಾಕಿ ಪಳಗಿದವರು ಆಗ ಎರಡು ದಾಖಲೆ ಕೇಳ್ತಾರೆ. ಒಂದು ಎಸ್ಟಿಮೇಟ್. ಇನ್ನೊಂದು ಎಂಬಿ ಬುಕ್, ಅಂದರೆ ಕಾಮಗಾರಿಯ ಅಳತೆ ಪುಸ್ತಕ. ಏನು ಮಾಡಬೇಕಿತ್ತು ಅನ್ನೋದು ಎಸ್ಟಿಮೇಟ್‌ನಲ್ಲಿರುತ್ತೆ. ಎಷ್ಟು ಉದ್ದ, ಎಷ್ಟು ದಪ್ಪ ಹಾಕಿದರು, ಯಾವತ್ತು ಅಳೆದರು ಅನ್ನೋದು ಎಂಬಿ ಬುಕ್‌ನಲ್ಲಿರುತ್ತೆ. ಎಂಬಿ ಬುಕ್ಕೇ ಸಿಗದಿದ್ದರೆ, ಎಸ್ಟಿಮೇಟ್ ಎಷ್ಟೇ ಚೆನ್ನಾಗಿದ್ದರೂ ವಾದ ಅಲ್ಲಿಗೇ ನಿಂತುಹೋಗುತ್ತೆ.

ಸಾಫ್ಟ್‌ವೇರ್‌ನಲ್ಲೂ ಇಂಥದೇ ಮೂರು ವಸ್ತುಗಳಿವೆ. ಪ್ರೋಗ್ರಾಮರ್ ಬರೆಯುವ ಸೋರ್ಸ್ ಕೋಡ್ ಎಸ್ಟಿಮೇಟ್ ಇದ್ದ ಹಾಗೆ. ನಿಮ್ಮ ಮೊಬೈಲ್‌ನಲ್ಲಿ ಓಡುವ ಆ್ಯಪ್ ರಸ್ತೆ ಇದ್ದ ಹಾಗೆ. ಇವೆರಡರ ನಡುವೆ ನಡೆದದ್ದನ್ನು ಸಾಲು ಸಾಲಾಗಿ ಬರೆದಿಟ್ಟ ದಾಖಲೆಯೇ ಬಿಲ್ಡ್ ಲಾಗ್. "ಸೋರ್ಸ್ ಕೋಡ್ ಬಿಡುಗಡೆ ಮಾಡಿ" ಅಂತ ಒತ್ತಾಯಿಸೋದನ್ನು ನಾವು ಕಲಿತಿದ್ದೀವಿ. ಬಿಲ್ಡ್ ಲಾಗ್ ಕೇಳೋದನ್ನು ಇನ್ನೂ ಕಲಿತಿಲ್ಲ. ಅದು ಏನು, ಯಾಕೆ ಮುಖ್ಯ, ಅದನ್ನು ಸಂಗ್ರಹಿಸಿ ವಿಶ್ಲೇಷಿಸುವ ಸಾಧನ ಹೇಗಿರಬೇಕು ಅನ್ನೋದನ್ನು ಒಂದೇ ಕಡೆ ಹೇಳುವ ಪ್ರಯತ್ನ ಇದು.

ಬಿಲ್ಡ್ ಅಂದರೇನು, ಲಾಗ್ ಅಂದರೇನು

ಸೋರ್ಸ್ ಕೋಡ್ ಮನುಷ್ಯರು ಓದಬಲ್ಲ ಬರಹ. ಸಿ, ಜಾವಾ, ರಸ್ಟ್‌ನಂಥ ಭಾಷೆಗಳಲ್ಲಿ ಬರೆದದ್ದನ್ನು ಮಷಿನ್ ಓಡಿಸಬೇಕಾದರೆ ಹಲವು ಹಂತ ದಾಟಬೇಕು. ಬೇಕಾದ ಲೈಬ್ರರಿಗಳನ್ನು ಇಂಟರ್ನೆಟ್‌ನಿಂದ ತರಿಸಬೇಕು, ಕಂಪೈಲ್ ಮಾಡಬೇಕು, ತುಂಡುಗಳನ್ನು ಲಿಂಕ್ ಮಾಡಬೇಕು, ಟೆಸ್ಟ್ ಓಡಿಸಬೇಕು, ಕೊನೆಗೆ ಪ್ಯಾಕೇಜ್ ಕಟ್ಟಿ ಸಹಿ ಹಾಕಬೇಕು. ಇದೆಲ್ಲ ಸೇರಿ ಬಿಲ್ಡ್. ಪ್ರತಿ ಹಂತದಲ್ಲೂ ಟೂಲ್‌ಗಳು ಏನೋ ಒಂದನ್ನು ಸ್ಕ್ರೀನ್ ಮೇಲೆ ಉದುರಿಸ್ತಾನೇ ಇರುತ್ತವೆ. ಯಾವ ಆದೇಶ ಓಡಿತು, ಯಾವ ವಾರ್ನಿಂಗ್ ಬಂತು, ಯಾವ ಟೆಸ್ಟ್ ಫೇಲ್ ಆಯ್ತು, ಎಲ್ಲವೂ ಅದರಲ್ಲಿರುತ್ತೆ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಒಂದೇ ಬಿಲ್ಡ್ ಲಾಗ್ ಲಕ್ಷ ಸಾಲು ದಾಟೋದು ವಿಶೇಷವೇನಲ್ಲ.

ಹಾಗಾಗಿ ಅದನ್ನು ಯಾರೂ ಓದಲ್ಲ. ಬಿಲ್ಡ್ ಪಾಸಾದರೆ ಕಿಟಕಿ ಮುಚ್ತೀವಿ, ಫೇಲಾದರೆ ಕೊನೆಯ ಇಪ್ಪತ್ತು ಸಾಲು ನೋಡ್ತೀವಿ. ನಾನು ಕೆಲಸ ಮಾಡಿದ ಮೊದಲ ಕಂಪನಿಯಲ್ಲಿ ಹೊಸ ಬಿಲ್ಡ್ ಶುರುವಾದ ತಕ್ಷಣ ಹಳೆಯ ಲಾಗ್ ಅಳಿಸಿಹೋಗ್ತಿತ್ತು. ಗ್ರಾಹಕರ ಕೈಗೆ ಹೋದ ಒಂದು ಆವೃತ್ತಿ ಮಾತ್ರ ಕೆಟ್ಟಿತ್ತು. ಅದೇ ಕೋಡ್‌ನಿಂದ ನಾವು ಮತ್ತೆ ಬಿಲ್ಡ್ ಮಾಡಿದರೆ ಸರಿಯಾಗೇ ಇತ್ತು. ಎರಡೂ ಬಿಲ್ಡ್‌ಗಳ ನಡುವೆ ಏನು ಬದಲಾಗಿತ್ತು ಅಂತ ಹೇಳಬಲ್ಲ ಏಕೈಕ ಸಾಕ್ಷಿಯನ್ನು ನಾವೇ ಅಳಿಸಿ ಕೂತಿದ್ವಿ. ಕೊನೆಗೂ ಉತ್ತರ ಸಿಗಲಿಲ್ಲ.

ಕಳ್ಳರಿಗೆ ಗೊತ್ತಿದೆ ಲಾಗ್‌ನ ಬೆಲೆ

2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ಪ್ರಕರಣ ಬಯಲಾಯಿತು. ಅಮೆರಿಕದ ಸರ್ಕಾರಿ ಇಲಾಖೆಗಳೂ ಬಳಸುತ್ತಿದ್ದ ಒರಾಯನ್ ಎಂಬ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲೇ ಹಿಂಬಾಗಿಲು ಸೇರಿಕೊಂಡಿತ್ತು. ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ತಲುಪಿತ್ತು. ದಾಳಿಕೋರರು ಕಂಪನಿಯ ಸೋರ್ಸ್ ಕೋಡ್ ಸಂಗ್ರಹವನ್ನು ತಿದ್ದಿರಲಿಲ್ಲ. ಬಿಲ್ಡ್ ಸರ್ವರ್‌ನಲ್ಲಿ ಸನ್‌ಸ್ಪಾಟ್ ಎಂಬ ಪ್ರೋಗ್ರಾಂ ಕೂರಿಸಿದ್ದರು. ಒರಾಯನ್ ಬಿಲ್ಡ್ ಶುರುವಾದ ಗಳಿಗೆಯಲ್ಲಿ ಅದು ಒಂದು ಸೋರ್ಸ್ ಫೈಲನ್ನು ಬದಲಾಯಿಸಿ, ಕಂಪೈಲ್ ಮುಗಿದ ಕೂಡಲೇ ಮೂಲ ಫೈಲನ್ನು ವಾಪಸ್ ಇಡುತ್ತಿತ್ತು.

2021ರ ಜನವರಿಯಲ್ಲಿ ಕ್ರೌಡ್‌ಸ್ಟ್ರೈಕ್ ಸಂಸ್ಥೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಎರಡು ಸಣ್ಣ ವಿವರಗಳಿವೆ. ತಾವು ಸೇರಿಸಿದ ಕೋಡ್‌ನಿಂದ ಕಂಪೈಲರ್ ವಾರ್ನಿಂಗ್ ಬಾರದ ಹಾಗೆ ದಾಳಿಕೋರರು ಆ ಭಾಗಕ್ಕೆ ವಾರ್ನಿಂಗ್‌ಗಳನ್ನೇ ಬಂದ್ ಮಾಡಿದ್ದರು. ಬದಲಿಸುವ ಮುನ್ನ ಮೂಲ ಫೈಲ್‌ನ ಹ್ಯಾಶ್, ಅಂದರೆ ಡಿಜಿಟಲ್ ಬೆರಳಚ್ಚು, ತಾಳೆಯಾಗುತ್ತಾ ಅಂತ ನೋಡುತ್ತಿದ್ದರು. ತಾಳೆಯಾಗದೆ ಬದಲಿಸಿದರೆ ಬಿಲ್ಡ್ ಎರರ್ ಬಂದು ಯಾರಾದರೂ ಲಾಗ್ ಓದಿಯಾರು ಅನ್ನೋ ಎಚ್ಚರ ಅದು. ನಾವು ಯಾರೂ ಓದದ ಲಾಗ್‌ಗೆ ಅವರು ಅಷ್ಟು ಹೆದರಿದ್ದರು!

ಎರಡನೆಯದು 2024ರ ಎಕ್ಸ್‌ಝಡ್ ಪ್ರಕರಣ. ಲಿನಕ್ಸ್‌ನಲ್ಲಿ ಎಲ್ಲೆಡೆ ಇರುವ ಈ ಸಂಕುಚನ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಮಷಿನ್‌ನಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಬೆನ್ನುಹತ್ತಿ ಅದನ್ನು ಹಿಡಿದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಹಿಂಬಾಗಿಲನ್ನು ಚಾಲೂ ಮಾಡುವ ಸ್ಕ್ರಿಪ್ಟ್ ಸಾರ್ವಜನಿಕ ಗಿಟ್ ಸಂಗ್ರಹದಲ್ಲಿ ಇರಲೇ ಇಲ್ಲ. ಬಿಡುಗಡೆ ಮಾಡಿದ ಸೋರ್ಸ್ ಕಟ್ಟಿನಲ್ಲಿ ಮಾತ್ರ ಇತ್ತು. ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುವಾಗ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಅಂದರೆ ಕೋಡ್ ತೆರೆದಿದೆ ಅಂತ ಗಿಟ್ ಓದಿದವರಿಗೆ ಪೂರ್ತಿ ಕಥೆ ಕಾಣುತ್ತಿರಲಿಲ್ಲ.

ಮೂರನೆಯದರಲ್ಲಿ ಲಾಗ್ ಸಾಕ್ಷಿಯಲ್ಲ, ಸೋರಿಕೆಯ ದಾರಿ. 2025ರ ಮಾರ್ಚ್‌ನಲ್ಲಿ, 23,000ಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳು ಗಿಟ್‌ಹಬ್‌ನಲ್ಲಿ ಬಳಸುತ್ತಿದ್ದ ಒಂದು ಸಿದ್ಧ ಬಿಲ್ಡ್ ಘಟಕಕ್ಕೆ ದುಷ್ಟ ಕೋಡ್ ಸೇರಿಸಲಾಯಿತು. ಅದು ಬಿಲ್ಡ್ ಮಷಿನ್‌ನ ಮೆಮೊರಿಯಲ್ಲಿದ್ದ ಗುಪ್ತ ಕೀಲಿಗಳನ್ನು ಹೆಕ್ಕಿ ಬಿಲ್ಡ್ ಲಾಗ್‌ಗೇ ಬರೆಯುತ್ತಿತ್ತು. ಪ್ರಾಜೆಕ್ಟ್ ಸಾರ್ವಜನಿಕವಾಗಿದ್ದರೆ ಲಾಗೂ ಸಾರ್ವಜನಿಕ. ಕೀಲಿಗಳನ್ನು ಮರೆಮಾಚುವ ವ್ಯವಸ್ಥೆ ಇತ್ತು, ಆದರೆ ಎರಡು ಬಾರಿ ಬೇಸ್64 ರೂಪಕ್ಕೆ ತಿರುಗಿಸಿ ಬರೆದಿದ್ದರಿಂದ ಅದು ಗುರುತು ಹಿಡಿಯಲಿಲ್ಲ.

ಈ ಮೂರೂ ಪ್ರಕರಣಗಳನ್ನು ಎದುರಿಗಿಟ್ಟುಕೊಂಡೇ ಸಾಧನವನ್ನು ವಿನ್ಯಾಸ ಮಾಡೋಣ.

ಹಂತ 1: ಹಿಡಿಯೋದು

ಬಿಲ್ಡ್ ಮುಗಿದ ಮೇಲೆ ಲಾಗ್ ಫೈಲನ್ನು ಕಾಪಿ ಮಾಡಿದರಾಯ್ತು ಅನ್ನೋದು ಮೊದಲ ತಪ್ಪು. ಮೆಮೊರಿ ಸಾಲದೆ ಮಷಿನ್ ಬಿದ್ದುಹೋದರೆ ಅಥವಾ ಸಮಯ ಮೀರಿ ಬಿಲ್ಡನ್ನು ಕೊಂದರೆ "ಮುಗಿದ ಮೇಲೆ" ಅನ್ನೋದು ಬರೋದೇ ಇಲ್ಲ. ನಮಗೆ ಹೆಚ್ಚು ಬೇಕಾದ ಲಾಗ್‌ಗಳೇ ಹೀಗೆ ಕೈತಪ್ಪುತ್ತವೆ. ಆದ್ದರಿಂದ ಸಾಲು ಬಂದ ಹಾಗೇ ಬೇರೊಂದು ಸರ್ವರ್‌ಗೆ ಕಳಿಸ್ತಾ ಹೋಗುವ ಒಂದು ಪುಟ್ಟ ಪ್ರೋಗ್ರಾಂ ಬೇಕು. ನೆಟ್‌ವರ್ಕ್ ಹೋದರೆ ಅದು ಸ್ಥಳೀಯವಾಗಿ ಕೂಡಿಟ್ಟುಕೊಂಡು, ಬಂದ ಮೇಲೆ ಕಳಿಸಬೇಕು. ಏನೇ ಆದರೂ ಅದರಿಂದಾಗಿ ಬಿಲ್ಡ್ ನಿಲ್ಲಬಾರದು.

ಸಾಲುಗಳ ಜೊತೆಗೆ ಹಿನ್ನೆಲೆ ವಿವರವೂ ಬೇಕು. ಕನಿಷ್ಠ ಇಷ್ಟು:

- ಪ್ರತಿ ಸಾಲಿನ ಸಮಯ, ಅದು ಸಾಮಾನ್ಯ ಔಟ್‌ಪುಟ್ಟೋ ಎರರ್ ಔಟ್‌ಪುಟ್ಟೋ ಅನ್ನೋ ಗುರುತು
- ಸೋರ್ಸ್ ಎಲ್ಲಿಂದ ಬಂತು, ಅದರ ಹ್ಯಾಶ್ ಏನು
- ಕಂಪೈಲರ್‌ನ ಮತ್ತು ಪ್ರತಿ ಲೈಬ್ರರಿಯ ಆವೃತ್ತಿ
- ಯಾವ ಮಷಿನ್, ಯಾವ ಆಪರೇಟಿಂಗ್ ಸಿಸ್ಟಂ, ಬಿಲ್ಡ್ ಶುರು ಮಾಡಿದ್ದು ಯಾರು
- ಪ್ರತಿ ಹಂತ ಯಾವ ಎಕ್ಸಿಟ್ ಕೋಡ್‌ನೊಂದಿಗೆ ಮುಗಿಯಿತು
- ಹೊರಬಂದ ಫೈಲ್‌ನ ಹ್ಯಾಶ್

ಎಕ್ಸ್‌ಝಡ್ ಪ್ರಕರಣದಲ್ಲಿ ಲಾಗ್‌ನ ಸಾಲುಗಳಷ್ಟನ್ನೇ ಓದಿದ್ದರೆ ಏನೂ ಕಾಣುತ್ತಿರಲಿಲ್ಲ. ಬಿಲ್ಡ್‌ಗೆ ಹೋದ ಫೈಲ್‌ಗಳ ಪಟ್ಟಿಯನ್ನು ಗಿಟ್ ಜೊತೆ ತಾಳೆ ನೋಡಿದ್ದರೆ ಅಲ್ಲಿಲ್ಲದ ಸ್ಕ್ರಿಪ್ಟ್ ಎದ್ದು ಕಾಣುತ್ತಿತ್ತು. ಸನ್‌ಸ್ಪಾಟ್ ಇನ್ನೂ ಚಾಲಾಕಿ. ಬಿಲ್ಡ್‌ಗೆ ಮೊದಲು, ಆಮೇಲೆ ಹ್ಯಾಶ್ ನೋಡಿದರೆ ಎರಡೂ ಒಂದೇ. ಕಂಪೈಲರ್ ಫೈಲನ್ನು ಓದುವ ಕ್ಷಣದಲ್ಲಿ ತೆಗೆದ ಹ್ಯಾಶ್ ಮಾತ್ರ ಅದನ್ನು ಹಿಡಿಯಬಲ್ಲದು.

ಇನ್ನೊಂದು ಮಾತು. ಈಗಿನ ಬಹಳಷ್ಟು ಬಿಲ್ಡ್ ಟೂಲ್‌ಗಳು ಸ್ಕ್ರೀನ್ ನೀಟಾಗಿ ಕಾಣಲಿ ಅಂತ ಪೂರ್ತಿ ಆದೇಶವನ್ನು ಅಡಗಿಸಿ, ಫೈಲ್ ಹೆಸರು ಮಾತ್ರ ತೋರಿಸ್ತವೆ. ಡೆಬಿಯನ್‌ನ ನೀತಿ ಇದಕ್ಕೆ ಉಲ್ಟಾ: ಸಾಧ್ಯವಾದಷ್ಟೂ ವಿವರವಾಗಿ ಬರೆಯಿರಿ ಅನ್ನುತ್ತೆ. ಅದರ ಬಿಲ್ಡ್ ಸರ್ವರ್‌ಗಳ ಲಾಗ್‌ಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಬಿಎಲ್‌ಎಚ್‌ಸಿ ಎಂಬ ಪುಟ್ಟ ಟೂಲ್ ಈ ಲಾಗ್‌ಗಳನ್ನು ಓದಿ, ಭದ್ರತೆಗೆ ಬೇಕಾದ ಕಂಪೈಲರ್ ಆಯ್ಕೆಗಳನ್ನು ಯಾವ ಫೈಲ್‌ಗೆ ಹಾಕಿಲ್ಲ ಅಂತ ಪಟ್ಟಿ ಮಾಡುತ್ತೆ. ಆದೇಶ ಅಡಗಿಸಿದ್ದರೆ ಈ ಟೂಲ್ ಕುರುಡು.

ಹಂತ 2: ಗುಟ್ಟುಗಳನ್ನು ಮುಚ್ಚೋದು

ಪಾಸ್‌ವರ್ಡ್, ಟೋಕನ್, ಕೀಲಿಗಳನ್ನು ಲಾಗ್‌ನಿಂದ ತೆಗೆಯೋ ಕೆಲಸ ಸಂಗ್ರಹಕ್ಕೆ ಸೇರುವ ಮುಂಚೆಯೇ ಆಗಬೇಕು. ಒಮ್ಮೆ ಸಂಗ್ರಹಕ್ಕೆ ಸೇರಿದರೆ ಬ್ಯಾಕಪ್‌ನಲ್ಲಿ, ಹುಡುಕುವ ಸೂಚಿಯಲ್ಲಿ, ಯಾರದೋ ಲ್ಯಾಪ್‌ಟಾಪ್‌ನಲ್ಲಿ ಉಳಿದುಬಿಡುತ್ತೆ. ಗೊತ್ತಿರುವ ಕೀಲಿಗಳನ್ನೂ ಅವುಗಳ ಬೇಸ್64 ರೂಪಗಳನ್ನೂ ಹುಡುಕಬೇಕು. ಅರ್ಥವಿಲ್ಲದ ಉದ್ದನೆಯ ಅಕ್ಷರಸರಣಿ ಕಂಡರೆ ಅನುಮಾನಿಸಬೇಕು. ಮುಚ್ಚಿದ ಜಾಗದಲ್ಲಿ "ಇಲ್ಲಿ ಮುಚ್ಚಿದೆ" ಅಂತ ಗುರುತು ಉಳಿಸಬೇಕು, ಇಲ್ಲದಿದ್ದರೆ ದಾಖಲೆ ತಿದ್ದಿದ ಹಾಗೆ ಆಗುತ್ತೆ.

ಇಷ್ಟೆಲ್ಲ ಮಾಡಿದರೂ ಏನೋ ಒಂದು ನುಸುಳಿಯೇ ನುಸುಳುತ್ತೆ ಅಂತ ಇಟ್ಟುಕೊಂಡೇ ನಡೆಯಬೇಕು. ಹಾಗಾಗಿ ಬಿಲ್ಡ್‌ಗೆ ಕೊಡುವ ಕೀಲಿ ಕೆಲವೇ ನಿಮಿಷ ಬದುಕುವಂಥದ್ದಾಗಿರಲಿ. ಸೋರಿದರೂ ಅಷ್ಟೊತ್ತಿಗೆ ಸತ್ತಿರುತ್ತೆ.

ಹಂತ 3: ಕೂಡಿಡೋದು

ಗುಟ್ಟು ಮುಚ್ಚಿದ ಲಾಗನ್ನು ಆಮೇಲೆ ಯಾರೂ ಮುಟ್ಟಬಾರದು. ವಿಶ್ಲೇಷಣೆಯಿಂದ ಬಂದದ್ದೆಲ್ಲ ಬೇರೆ ಜಾಗದಲ್ಲಿರಲಿ. ನಾಳೆ ಇನ್ನೂ ಒಳ್ಳೆಯ ವಿಶ್ಲೇಷಕ ಬರೆದರೆ ಮೂಲದಿಂದ ಮತ್ತೆ ಶುರು ಮಾಡಬಹುದು. ಲಾಗ್‌ಗಳಲ್ಲಿ ಒಂದೇ ಮಾತು ಸಾವಿರ ಸಲ ಬರೋದರಿಂದ ಸಂಕುಚಿಸಿದರೆ ಎಷ್ಟೋ ಪಾಲು ಚಿಕ್ಕದಾಗ್ತವೆ. ಜಾಗದ ಖರ್ಚು ಜನ ಹೆದರುವಷ್ಟಿಲ್ಲ. ಸಣ್ಣ ತಂಡಕ್ಕೆ ಸಂಕುಚಿಸಿದ ಫೈಲ್‌ಗಳು ಮತ್ತು ವಿವರಗಳಿಗೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಇಷ್ಟು ಧಾರಾಳ ಸಾಕು.

ತಿದ್ದಿದರೆ ಗೊತ್ತಾಗುವ ಹಾಗಿರಬೇಕು ಅನ್ನೋದು ಮುಖ್ಯ. ಪ್ರತಿ ಲಾಗ್‌ನ ಹ್ಯಾಶ್‌ನಲ್ಲಿ ಹಿಂದಿನ ಲಾಗ್‌ನ ಹ್ಯಾಶ್ ಸೇರಿಸಿ ಸರಪಳಿ ಮಾಡಿದರೆ ನಡುವಿನ ಒಂದನ್ನು ಬದಲಿಸಿದರೂ ಮುಂದಿನದೆಲ್ಲ ತಾಳ ತಪ್ಪುತ್ತೆ. ಸರಪಳಿಯ ತುದಿಯನ್ನು ಆಗಾಗ ಹೊರಗೆ ಪ್ರಕಟಿಸ್ತಾ ಇದ್ದರೆ ಒಳಗಿನವರೂ ಕದ್ದು ತಿದ್ದಲಾರರು. ಬಿಲ್ಡ್ ಮಷಿನ್‌ಗೆ ಲಾಗ್ ಸೇರಿಸುವ ಹಕ್ಕಿರಲಿ, ಅಳಿಸುವ ಹಕ್ಕು ಬೇಡ.

ಎಷ್ಟು ದಿನ ಇಡಬೇಕು? ಗಿಟ್‌ಹಬ್‌ನ ಬಿಲ್ಡ್ ವ್ಯವಸ್ಥೆಯಲ್ಲಿ ನೀವು ಏನೂ ಬದಲಿಸದಿದ್ದರೆ ಲಾಗ್ 90 ದಿನ ಉಳಿಯುತ್ತೆ. ದಿನಬಳಕೆಯ ಬಿಲ್ಡ್‌ಗೆ ಅದು ಸಾಕು. ಜನರ ಕೈಗೆ ಹೋದ ಆವೃತ್ತಿಯ ಲಾಗನ್ನು ಮಾತ್ರ ಆ ಆವೃತ್ತಿ ಬಳಕೆಯಲ್ಲಿರುವಷ್ಟು ಕಾಲ, ಅದಾದ ಮೇಲೂ ಕೆಲವು ವರ್ಷ ಇಡಬೇಕು. ಸನ್‌ಸ್ಪಾಟ್ ಬಿಲ್ಡ್ ಸರ್ವರ್ ಸೇರಿದ್ದು 2020ರ ಫೆಬ್ರುವರಿಯಲ್ಲಿ, ಜಗತ್ತಿಗೆ ಗೊತ್ತಾಗಿದ್ದು ಡಿಸೆಂಬರ್‌ನಲ್ಲಿ. 90 ದಿನದ ಲಾಗ್ ಇಟ್ಟುಕೊಂಡು ಅಂಥ ಕಳ್ಳತನದ ಜಾಡು ಹಿಡಿಯಲಾಗದು.

ಹಂತ 4: ಓದೋದು

ಲಕ್ಷ ಸಾಲಿನಲ್ಲಿ ಮುಖ್ಯವಾದ ಸಾಲು ಯಾವುದು? "ಕೊನೆಯದು" ಅನ್ನೋದು ಸಾಮಾನ್ಯ ಉತ್ತರ, ಸಾಮಾನ್ಯವಾಗಿ ತಪ್ಪು ಉತ್ತರ. ಕೊನೆಯಲ್ಲಿ ಇರೋದು "ಮೇಕ್: ಎರರ್ 2" ಅನ್ನುವಂಥ ಬರೀ ಮರಣ ಪ್ರಮಾಣಪತ್ರ. ಕಾಯಿಲೆ ಶುರುವಾದ ಸಾಲು ಬಹಳ ಮೇಲಿರುತ್ತೆ. ಜೊತೆಗೆ ಎಂಟು ಹತ್ತು ಕೆಲಸ ಒಟ್ಟಿಗೆ ಓಡಿದರೆ ಸಾಲುಗಳು ಕಲಸಿಹೋಗ್ತವೆ. ಗ್ನೂ ಮೇಕ್‌ನ 4.0 ಆವೃತ್ತಿಯಿಂದ ಪ್ರತಿ ಕೆಲಸದ ಔಟ್‌ಪುಟ್ಟನ್ನು ಒಟ್ಟಿಗೆ ಕೊಡುವ ಆಯ್ಕೆ ಇದೆ. ಅದನ್ನು ಬಳಸಿದರೆ ಅರ್ಧ ತಲೆನೋವು ಹೋಗುತ್ತೆ.

ಓದುವ ಮೊದಲು ಸಾಲುಗಳನ್ನು ತೊಳೆಯಬೇಕು. ಬಣ್ಣದ ಸಂಕೇತ, ಸಮಯ, ತಾತ್ಕಾಲಿಕ ಫೋಲ್ಡರ್ ಹೆಸರು, ಮೆಮೊರಿ ವಿಳಾಸ, ಇವು ಪ್ರತಿ ಸಲ ಬದಲಾಗ್ತವೆ. ಅವುಗಳ ಜಾಗದಲ್ಲಿ ಒಂದು ಗುರುತು ಇಟ್ಟರೆ ನಿನ್ನೆಯ ಸಾಲು ಮತ್ತು ಇವತ್ತಿನ ಸಾಲು ಒಂದೇ ಅಂತ ಗೊತ್ತಾಗುತ್ತೆ. ಹೀಗೆ ಒಂದೇ ಅಚ್ಚಿನ ಸಾಲುಗಳನ್ನು ಗುಂಪು ಮಾಡುವ ವಿಧಾನಗಳು ಪ್ರಕಟವಾಗಿವೆ. 2017ರ ಡ್ರೇನ್ ಎಂಬುದು ಪ್ರಸಿದ್ಧ. ಸಾಲು ಬಂದ ಹಾಗೇ ಒಂದು ಮರದ ಆಕಾರದಲ್ಲಿ ಜೋಡಿಸುತ್ತೆ, ವೇಗವಾಗೂ ಇದೆ.

ಆಮೇಲೆ ಮಾಡಬೇಕಾದ್ದು ಸರಳ: ಕೊನೆಯ ಬಾರಿ ಪಾಸಾದ ಲಾಗ್ ಜೊತೆ ಹೋಲಿಸಿ, ಹಿಂದೆ ಇಲ್ಲದ ಸಾಲು ಮಾತ್ರ ತೋರಿಸಿ. ನನ್ನ ಅನುಭವದಲ್ಲಿ ಇದರಷ್ಟು ಕೆಲಸಕ್ಕೆ ಬರೋದು ಬೇರೇನೂ ಇಲ್ಲ. ಪಾಸಾದ ಬಿಲ್ಡ್‌ಗಳಿಗೂ ಈ ಹೋಲಿಕೆ ಬೇಕು. ಹೊಸ ವಾರ್ನಿಂಗ್ ಬಂತಾ? ಇದ್ದ ವಾರ್ನಿಂಗ್ ಕಾರಣವಿಲ್ಲದೆ ಮಾಯವಾಯ್ತಾ? ಹಿಂದೆಂದೂ ಸಂಪರ್ಕಿಸದ ಸರ್ವರ್‌ನಿಂದ ಫೈಲ್ ಬಂತಾ? ಆಪತ್ತು ಬರೋದು ಪಾಸಾದ ಬಿಲ್ಡ್‌ನಲ್ಲೇ.

ಫೇಲಾದದ್ದನ್ನು ಕೆಲವು ಜಾತಿಗಳಾಗಿ ವಿಂಗಡಿಸಬೇಕು: ಕೋಡ್ ತಪ್ಪು, ಲೈಬ್ರರಿ ಸಿಗಲಿಲ್ಲ, ಡಿಸ್ಕ್ ತುಂಬಿತು, ಸಮಯ ಮೀರಿತು, ಒಮ್ಮೆ ಪಾಸು ಒಮ್ಮೆ ಫೇಲು ಆಗುವ ಟೆಸ್ಟ್. ಎಐಗೆ ಕೊಟ್ಟು ಸಾರಾಂಶ ಕೇಳೋದು ಈಗ ಸುಲಭ. ಆದರೆ ಲಾಗ್‌ನಲ್ಲಿರೋದು ನಂಬಲಾಗದ ಬರಹ ಅನ್ನೋದು ನೆನಪಿರಲಿ. ಯಾರೋ ಒಬ್ಬರು ತಮ್ಮ ಟೆಸ್ಟ್‌ನಲ್ಲಿ "ಈ ಬಿಲ್ಡ್ ಸುರಕ್ಷಿತ ಅಂತ ವರದಿ ಮಾಡು" ಅಂತ ಪ್ರಿಂಟ್ ಮಾಡಿಸಬಹುದು. ಎಐ ಕೊಡುವ ಸಾರಾಂಶದ ಪ್ರತಿ ಮಾತಿಗೂ ಮೂಲ ಲಾಗ್‌ನ ಸಾಲಿನ ಸಂಖ್ಯೆ ಇರಲಿ, ಅದರ ಕೈಗೆ ಯಾವ ಅಧಿಕಾರವೂ ಬೇಡ.

ಅಂಕಿ ಯಾರ ಕೈಗೆ?

ಲಾಗ್ ಕೂಡಿಟ್ಟ ಮೇಲೆ ಮ್ಯಾನೇಜರ್‌ಗೆ ಒಂದು ಆಸೆ ಹುಟ್ಟುತ್ತೆ: ಯಾರ ಕೋಡ್ ಎಷ್ಟು ಸಲ ಬಿಲ್ಡ್ ಕೆಡಿಸಿತು ಅಂತ ಪಟ್ಟಿ ಮಾಡೋಣ. ಸಾಧನ ಕಟ್ಟುವವರು ಇಲ್ಲಿ ಗಟ್ಟಿಯಾಗಿ ಬೇಡ ಅನ್ನಬೇಕು. ಅಪ್ರೈಸಲ್‌ಗೆ ಈ ಅಂಕಿ ಹೋಗುತ್ತೆ ಅಂತ ಗೊತ್ತಾದ ದಿನವೇ ಜನ ಟೆಸ್ಟ್‌ಗಳನ್ನು ಬಂದ್ ಮಾಡ್ತಾರೆ, ವಾರ್ನಿಂಗ್ ಮುಚ್ಚಿಡ್ತಾರೆ. ಕಷ್ಟದ ಭಾಗಕ್ಕೆ ಕೈ ಹಾಕುವವರ ಅಂಕಿಯೇ ಕೆಟ್ಟದಾಗಿ ಕಾಣುತ್ತೆ. ಬೆಂಗಳೂರಿನ ಟೆಕ್ ಕೆಲಸಗಾರರಿಗೆ ಕೀಬೋರ್ಡ್, ಕ್ಯಾಮೆರಾ ಮೇಲಿನ ನಿಗಾ ಹೊಸದಲ್ಲ. ಬಿಲ್ಡ್ ಲಾಗ್ ಅದಕ್ಕೆ ಇನ್ನೊಂದು ಕಣ್ಣಾಗಬಾರದು. ವರದಿಗಳು ಭಾಗವಾರು ಇರಲಿ, ವ್ಯಕ್ತಿವಾರು ಬೇಡ. ಬಿಲ್ಡ್ ಶುರು ಮಾಡಿದವರ ಹೆಸರು ತನಿಖೆಯ ದಾಖಲೆಯಲ್ಲಿರಲಿ, ಡ್ಯಾಶ್‌ಬೋರ್ಡ್‌ನಲ್ಲಿ ಬೇಡ.

ಲಾಗ್ ಇದ್ದರೆ ಸಾಕಾ?

ಸಾಲದು. ಎಂಬಿ ಬುಕ್‌ನಲ್ಲೂ ಸುಳ್ಳು ಬರೆಯಬಹುದಲ್ಲ? 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಯುನಿಕ್ಸ್‌ನ ಕೆನ್ ಥಾಂಪ್ಸನ್ ಇದನ್ನೇ ತೋರಿಸಿದರು. ಕಂಪೈಲರ್ರೇ ಕೆಟ್ಟಿದ್ದರೆ ಸೋರ್ಸ್ ಎಷ್ಟು ಓದಿದರೂ ಹಿಂಬಾಗಿಲು ಕಾಣಲ್ಲ. ಬಿಲ್ಡ್ ಮಷಿನ್ನೇ ವಶವಾದರೆ ಲಾಗನ್ನೂ ಅದು ತನಗೆ ಬೇಕಾದ ಹಾಗೆ ಬರೆಯುತ್ತೆ.

ಇದಕ್ಕೆ ಉತ್ತರ ಎರಡನೇ ಅಳತೆ. ಅದೇ ಸೋರ್ಸ್, ಅದೇ ಆವೃತ್ತಿಯ ಟೂಲ್‌ಗಳನ್ನು ಬೇರೆಯವರು ತಮ್ಮ ಮಷಿನ್‌ನಲ್ಲಿ ಓಡಿಸಿದರೆ ಬೈಟ್‌ಗೆ ಬೈಟ್ ಅದೇ ಫೈಲ್ ಬರಬೇಕು. ಇದಕ್ಕೆ ಪುನರುತ್ಪಾದಿಸಬಲ್ಲ ಬಿಲ್ಡ್ ಅನ್ನಬಹುದು. ಟಾರ್ ಬ್ರೌಸರ್ 2013ರಲ್ಲಿ, ಸಿಗ್ನಲ್‌ನ ಆಂಡ್ರಾಯ್ಡ್ ಆ್ಯಪ್ 2016ರಲ್ಲಿ ಈ ದಾರಿ ಹಿಡಿದವು. ಡೆಬಿಯನ್ 2013ರಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಪ್ರತಿ ಬಿಲ್ಡ್‌ನಲ್ಲಿದ್ದ ಟೂಲ್‌ಗಳ ನಿಖರ ಆವೃತ್ತಿಯನ್ನು ಒಂದು ಪ್ರತ್ಯೇಕ ಫೈಲ್‌ನಲ್ಲಿ ದಾಖಲಿಸುತ್ತೆ. ಎರಡು ಫಲಿತಾಂಶ ಬೇರೆಯಾದಾಗ ಎಲ್ಲಿ ದಾರಿ ಕವಲೊಡೆಯಿತು ಅಂತ ಹುಡುಕಲು ಮತ್ತೆ ಬೇಕಾಗೋದು ಎರಡೂ ಕಡೆಯ ಲಾಗ್.

ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ

ಪಹಣಿಯಿಂದ ಪಡಿತರದವರೆಗೆ ನಮ್ಮ ಹಕ್ಕುಗಳು ಈಗ ಸಾಫ್ಟ್‌ವೇರ್ ದಾಟಿಯೇ ಬರಬೇಕು. ಸರ್ಕಾರಿ ಆ್ಯಪ್‌ಗಳ ಸೋರ್ಸ್ ಕೋಡನ್ನು ತೆರೆಯುವ ಬಗ್ಗೆ ಕೇಂದ್ರ ಸರ್ಕಾರ 2015ರಲ್ಲೇ ನೀತಿ ಮಾಡಿದೆ. ಆರೋಗ್ಯ ಸೇತುವಿನ ಆಂಡ್ರಾಯ್ಡ್ ಕೋಡನ್ನು 2020ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು. ಒಳ್ಳೆಯದೇ. ಆದರೆ ಪ್ರಕಟಿಸಿದ ಕೋಡಿಂದಲೇ ನನ್ನ ಫೋನಿನಲ್ಲಿರುವ ಆ್ಯಪ್ ತಯಾರಾಯಿತು ಅನ್ನೋದಕ್ಕೆ ಪುರಾವೆ ಏನು ಅನ್ನೋ ಪ್ರಶ್ನೆ ಇಂಥ ಯಾವುದೇ ಆ್ಯಪ್‌ಗೂ ಉಳಿಯುತ್ತೆ.

ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಐ) "ದಾಖಲೆ" ಎಂಬುದರ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಉತ್ಪಾದಿಸಿದ ಯಾವುದೇ ಸಾಮಗ್ರಿಯನ್ನೂ ಸೇರಿಸಿದೆ. ಸೆಕ್ಷನ್ 4(1)(ಎ) ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ ಇಡಬೇಕು ಅನ್ನುತ್ತೆ. ನನ್ನ ಓದಿನ ಪ್ರಕಾರ ಸರ್ಕಾರಿ ಆ್ಯಪ್‌ನ ಬಿಲ್ಡ್ ಲಾಗ್ ಈ ವ್ಯಾಖ್ಯೆಯೊಳಗೆ ಬರುತ್ತೆ. ಭದ್ರತೆ, ವ್ಯಾಪಾರದ ಗುಟ್ಟು ಅಂತ ಸೆಕ್ಷನ್ 8ರ ವಿನಾಯಿತಿಗಳನ್ನು ಇಲಾಖೆ ಮುಂದೆ ಹಿಡಿಯಬಹುದು. ಆದರೆ ಸೆಕ್ಷನ್ 10ರ ಪ್ರಕಾರ ಕೊಡಬಾರದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬಹುದು. ನಾವು ಹಂತ 2ರಲ್ಲಿ ಮಾಡಿದ್ದೂ ಅದನ್ನೇ.

ಆದರೆ ಲಾಗ್ 90 ದಿನಕ್ಕೆ ತಾನಾಗೇ ಅಳಿಸಿಹೋಗಿದ್ದರೆ? "ದಾಖಲೆ ಲಭ್ಯವಿಲ್ಲ" ಅನ್ನೋ ಒಂದೇ ಸಾಲಿನ ಉತ್ತರ ಬರುತ್ತೆ, ಮೇಲ್ಮನವಿ ಹಾಕಿದರೂ ಇಲ್ಲದ ಕಾಗದ ಹುಟ್ಟಲ್ಲ. ಆದ್ದರಿಂದ ಒತ್ತಾಯ ಟೆಂಡರ್ ಹಂತದಲ್ಲೇ ಶುರುವಾಗಬೇಕು. ಜನರ ಕೈಗೆ ಹೋಗುವ ಪ್ರತಿ ಆವೃತ್ತಿಯ ಬಿಲ್ಡ್ ಲಾಗ್ ಇಲಾಖೆಯ ಆಸ್ತಿ, ಗುತ್ತಿಗೆದಾರ ಕಂಪನಿಯದ್ದಲ್ಲ ಅಂತ ಕರಾರಿನಲ್ಲಿ ಬರೆಯಬೇಕು. ಎಷ್ಟು ವರ್ಷ ಇಡಬೇಕು ಅನ್ನೋದೂ ಅಲ್ಲೇ ಇರಬೇಕು.

ನಮ್ಮ ರಾಜ್ಯದ ನಿಯಮದಲ್ಲಿ ಆರ್‌ಟಿಐ ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ, ಶುಲ್ಕ 10 ರೂಪಾಯಿ. ಕೇಳೋಕೆ ಅಷ್ಟು ಪದವೂ ಬೇಡ. ನಿಮ್ಮ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಯಾವುದಾದರೂ ಒಂದು ಸರ್ಕಾರಿ ಆ್ಯಪ್‌ನ ಹೆಸರು, ಆವೃತ್ತಿ ಸಂಖ್ಯೆ ಬರೆಯಿರಿ. ಆ ಆವೃತ್ತಿಯ ಬಿಲ್ಡ್ ಲಾಗ್‌ನ ಪ್ರತಿ, ಮತ್ತು ಬಿಲ್ಡ್ ಲಾಗ್‌ಗಳನ್ನು ಎಷ್ಟು ಕಾಲ ಇಡಬೇಕು ಅಂತ ಹೇಳುವ ಆದೇಶದ ಪ್ರತಿ ಕೇಳಿ. ಮೊದಲನೆಯದಕ್ಕೆ ಬಹುಶಃ ಇಲ್ಲ ಅಂತಾರೆ. ಎರಡನೆಯದಕ್ಕೆ ಏನು ಉತ್ತರ ಬರುತ್ತೆ ಅನ್ನೋದರಿಂದಲೇ ನಮ್ಮ ಕೆಲಸ ಎಲ್ಲಿಂದ ಶುರುವಾಗಬೇಕು ಅಂತ ಗೊತ್ತಾಗುತ್ತೆ.